ದಾರಿ ಬಿಡುವ ಆಟ

ನನಗೊಂದು ದುರಭ್ಯಾಸವಿದೆ. ಎದುರಿನಿಂದ ಯಾರಾದರೂ ಸ್ವಲ್ಪ ಜೋರಾಗಿ ನಡೆದು ಬಂದರೆ ಸಾಕು, ನನ್ನ ಎಡಗಾಲು ನನ್ನನ್ನು ಕೇಳದೆಯೇ ಪಕ್ಕಕ್ಕೆ ಹೋಗುತ್ತದೆ. ಅದರ ಹಿಂದೆ ಬಲಗಾಲು. ಭುಜ ಓರೆಯಾಗುತ್ತದೆ, ಕೈ ಸೆರಗನ್ನು ಸೊಂಟಕ್ಕೆ ಒತ್ತಿಕೊಳ್ಳುತ್ತದೆ, ತಲೆ ಒಂದಿಷ್ಟು ಬಾಗುತ್ತದೆ. ಬಂದವರು ಯಾರೆಂದು ನಾನು ನೋಡುವ ಹೊತ್ತಿಗೆ ಮರ್ಯಾದೆಯೆಲ್ಲ ಸಂದಾಯವಾಗಿ ಮುಗಿದಿರುತ್ತದೆ. ಹೋದ ವಾರ ಚಿಕ್ಕಮಗಳೂರಿನ ಸಂತೆಯಲ್ಲಿ ಹೀಗೆ ನಾನು ದಾರಿ ಬಿಟ್ಟುಕೊಟ್ಟದ್ದು ಒಂದು ಹೋರಿಗೆ. ಅದು ಬಹಳ ಗಾಂಭೀರ್ಯದಿಂದ, ಇದೆಲ್ಲ ತನಗೆ ಸಲ್ಲತಕ್ಕದ್ದೇ ಎಂಬಂತೆ ಮುಂದೆ ಹೋಯಿತು. ಜೊತೆಗಿದ್ದ ಮೊಮ್ಮಗಳು ನಗು ತಡೆಯಲಾರದೆ ಚೀಲ ಕೆಳಗಿಟ್ಟಳು. "ಅಜ್ಜಿ, ಒಂದು ನಮಸ್ಕಾರನೂ ಮಾಡ್ಬಿಡ್ಬೇಕಿತ್ತು" ಅಂದಳು.

ನಗಲಿ. ಆ ಎಡಗಾಲಿನ ಹೆಜ್ಜೆಯ ದೆಸೆಯಿಂದಲೇ ನಾನು ನಾಲ್ಕು ಅಕ್ಷರ ಕಲಿತದ್ದು ಎಂದರೆ ಅವಳು ನಂಬುವುದಿಲ್ಲ. ನೀವಾದರೂ ನಂಬಿ.

ನಮ್ಮಪ್ಪ ಕಳಸದಿಂದಾಚೆ, ಸಂಸೆಯ ಕಡೆಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ರೈಟರು ಎಂದರೆ ಪುಸ್ತಕ ಬರೆಯುವವರಲ್ಲ. ಆಳುಗಳ ಹಾಜರಿ ಬರೆಯುವವರು, ಸಾಹುಕಾರರ ಕಾಗದ ಬರೆಯುವವರು, ಸಾಹುಕಾರರಿಗೆ ಬಂದ ಕಾಗದವನ್ನು ಓದಿ ಹೇಳುವವರು. ಇಂಗ್ಲಿಷಿನಲ್ಲಿ ಬೈದು ಬರೆದ ಕಾಗದವನ್ನು ಕನ್ನಡದಲ್ಲಿ ವಿನಯವಾಗಿ ಓದುವ ಕಲೆ ಅವರಿಗೆ ಸಿದ್ಧಿಸಿತ್ತು. ಅದಕ್ಕೇ ಇಪ್ಪತ್ತು ವರ್ಷ ಆ ಕೆಲಸದಲ್ಲಿ ಉಳಿದರು.

ಎಸ್ಟೇಟಿನ ಕಾಲುದಾರಿಗಳನ್ನು ನೀವು ನೋಡಿರಬಹುದು. ಒಂದು ಕಡೆ ಎತ್ತರದ ಮಣ್ಣಿನ ದರೆ, ಇನ್ನೊಂದು ಕಡೆ ಇಳಿಜಾರು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಎದುರಿಗೆ ಸಾಹುಕಾರರು ಬಂದರೆ ನಾವು ಸರಿಯಬೇಕು, ಅದರಲ್ಲಿ ಮಾತಿಲ್ಲ. ಎಲ್ಲಿಗೆ ಸರಿಯಬೇಕು ಎನ್ನುವುದರಲ್ಲಿತ್ತು ಶಾಸ್ತ್ರ. ದರೆ ಹತ್ತಿ ನಿಂತರೆ ಅವರಿಗಿಂತ ಎತ್ತರವಾಗುತ್ತೇವೆ, ಅದು ಅಪಚಾರ. ಆದ್ದರಿಂದ ಇಳಿಜಾರಿನ ಕಡೆಗೇ ಸರಿದು, ಕಾಫಿ ಗಿಡವನ್ನು ಹಿಡಿಯದೆ (ಹಿಡಿದರೆ ಕಾಯಿ ಉದುರುತ್ತದೆ), ಉರುಳಿ ಬೀಳದೆ, ತಲೆ ಬಗ್ಗಿಸಿಕೊಂಡು ಒಂದೂವರೆ ಕಾಲಿನ ಮೇಲೆ ನಿಲ್ಲಬೇಕು. ಸರ್ಕಸ್ಸಿನವರು ಇದನ್ನು ಕಲಿಸಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ನಮಗೆ ನಾಲ್ಕನೇ ವಯಸ್ಸಿಗೇ ಬರುತ್ತಿತ್ತು.

ಸಾಹುಕಾರರಿಗೆ ಒಬ್ಬಳೇ ಮಗಳು, ಸುಶೀಲ. ನನಗಿಂತ ಆರು ತಿಂಗಳು ಚಿಕ್ಕವಳು. ಆದರೂ ನಾನು ಅವಳಿಗೆ "ನೀವು," ಅವಳು ನನಗೆ "ನೀನು." ದೊಡ್ಡ ತೋಟದವರ ಹೆಣ್ಣುಮಕ್ಕಳೆಲ್ಲ ಈಗ ಇಂಗ್ಲಿಷ್ ಕಲಿಯುತ್ತಿದ್ದಾರೆಂದು ಯಾರೋ ಸಾಹುಕಾರರ ಕಿವಿಗೆ ಹಾಕಿದ್ದರಿಂದ ಅವಳನ್ನು ಚಿಕ್ಕಮಗಳೂರಿನ ಒಂದು ಮಿಷನ್ ಶಾಲೆಗೆ ಸೇರಿಸುವುದೆಂದು ನಿಶ್ಚಯವಾಯಿತು. ಅವಳ ಜೊತೆಗೆ ಒಂದು ಟ್ರಂಕು, ಹಾಸಿಗೆ, ಎರಡು ಭರಣಿ ಉಪ್ಪಿನಕಾಯಿ ಮತ್ತು ನಾನು. ಒಬ್ಬಳೇ ಹುಡುಗಿ ಪರಸ್ಥಳದಲ್ಲಿ ಹೇಗಿದ್ದಾಳು, ಜಡೆ ಹಾಕುವವರು ಯಾರು? ಜಡೆ ಹಾಕುವವಳು ತರಗತಿಯಲ್ಲಿ ಪಕ್ಕಕ್ಕೆ ಕೂತಿದ್ದರೆ ನಾಲ್ಕಕ್ಷರ ಅವಳ ಕಿವಿಗೂ ಬಿದ್ದರೆ ಬೀಳಲಿ ಎಂಬುದು ಸಾಹುಕಾರರ ಔದಾರ್ಯ. ಯುದ್ಧಕಾಲದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ, ಘಾಟಿ ಬಂದಲ್ಲೆಲ್ಲ ಇಳಿದು ಹತ್ತುತ್ತಾ, ಒಂದು ಇಡೀ ದಿನ ಪ್ರಯಾಣ ಮಾಡಿ ನಾವು ಆ ಊರಿಗೆ ಮುಟ್ಟಿದೆವು. ನನಗೆ ಹನ್ನೊಂದು ವರ್ಷ. ಶಾಲೆಯಲ್ಲಿದ್ದಂತೆ ಅಷ್ಟೊಂದು ಪುಸ್ತಕಗಳನ್ನು ಒಂದೇ ಬೀರುವಿನಲ್ಲಿ ನಾನು ಕಂಡದ್ದು ಅದೇ ಮೊದಲು, ಸುಳ್ಳೇಕೆ, ಅವತ್ತು ಅತ್ತುಬಿಟ್ಟೆ.

ಹೀಗಾಗಿ ನನ್ನ ವಿದ್ಯಾಭ್ಯಾಸವೆಲ್ಲ ಸುಶೀಲಳ ಜಡೆಗೆ ಗಂಟು ಹಾಕಿಕೊಂಡಿತ್ತು. ಅವಳಿಗೆ ನಾನು ಬೇಡವಾದ ದಿನ ಮರುದಿನದ ಬಸ್ಸಿಗೆ ನಾನು ವಾಪಸು. ಅಪ್ಪ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ಪ್ರತಿ ಕಾಗದವೂ ಒಂದೇ ರೀತಿ ಮುಗಿಯುತ್ತಿತ್ತು: "ಶ್ರೀಮತಿ ಸುಶೀಲಮ್ಮನವರ ಮನಸ್ಸಿಗೆ ಯಾವ ಬಗೆಯಲ್ಲೂ ನೋವಾಗದಂತೆ ನಡೆದುಕೊಳ್ಳುವುದು." ಹನ್ನೊಂದು ವರ್ಷದ ಹುಡುಗಿಗೆ ಶ್ರೀಮತಿ! ನಾನು ಪ್ರತಿಯಾಗಿ ಶಾಲೆಯ ವಿಷಯವೆಲ್ಲ ಉದ್ದುದ್ದ ಬರೆಯುತ್ತಿದ್ದೆ. ಅದಕ್ಕೆ ಅವರಿಂದ ಒಂದಕ್ಷರದ ಉತ್ತರವೂ ಬರುತ್ತಿರಲಿಲ್ಲ.

ಈಗ ಆಟಕ್ಕೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಒಬ್ಬ ಇಂಗ್ಲಿಷ್ ಟೀಚರಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ನಾವು ಅವರಿಗೆ ಉದ್ದಮಿಸ್ ಎಂದು ಹೆಸರಿಟ್ಟಿದ್ದೆವು. ಅವರು ಕನ್ನಡ ಕಲಿತದ್ದು ಹಳೆಯ ಕಾಲದ ಧರ್ಮಗ್ರಂಥಗಳ ತರ್ಜುಮೆಯಿಂದ. ಹಾಗಾಗಿ ಹಾಲಿನವನ ಹತ್ತಿರವೂ "ಎಲೈ ಗೋವಳನೇ, ನಿನ್ನ ಹಾಲಿನಲ್ಲಿ ಜಲವು ಏಕೆ ಇರುವುದು?" ಎಂದು ಕೇಳುವರು. ಈ ಉದ್ದಮಿಸ್ ನಮಗೆ ನೆಟ್‌ಬಾಲ್ ಕಲಿಸಿದರು. ಪೇಟೆಯಲ್ಲಿ ಆಗ ಹುಡುಗರು ಖಾದಿ ಟೋಪಿ ಹಾಕಿಕೊಂಡು ಘೋಷಣೆ ಕೂಗುತ್ತಿದ್ದರು. ಹುಡುಗಿಯರ ಕಾಲಿಗೆ ಸಾಕಷ್ಟು ಓಟ ಕೊಟ್ಟರೆ ತಲೆಗೆ ಆ ಗಾಳಿ ತಟ್ಟುವುದಿಲ್ಲ ಎಂದು ಶಾಲೆಯ ಹಿರಿಯರ ಎಣಿಕೆ ಇದ್ದಿರಬೇಕು.

ಆಟ ಹೆಚ್ಚು ತೊಡಕಿನದಲ್ಲ. ಕಡೆಗೆ ಏಳು ಜನ. ಅಂಗಳದ ಎರಡು ತುದಿಯಲ್ಲಿ ಎರಡು ಕಂಬ, ಕಂಬದ ತಲೆಗೆ ಕಬ್ಬಿಣದ ಬಳೆ. ಚೆಂಡು ಹಿಡಿದವಳು ಓಡುವಂತಿಲ್ಲ, ಎಸೆಯಬೇಕು. ಬಳೆಯೊಳಗೆ ಚೆಂಡು ಹಾಕುವವಳು ಶೂಟರು. ಆ ಬಳೆಯನ್ನು ಕಾಯಲು ಎದುರು ಕಡೆಯ ಒಬ್ಬಳು ಕೀಪರು. ಕೀಪರ ಕಣ್ಣು ತಪ್ಪಿಸಿ ಶೂಟರು ಚೆಂಡು ಹಾಕಿದರೆ ಶೂಟರಿನ ಕಡೆಯವರಿಗೆ ಒಂದು ಗೋಲು. ಬಳೆಗೆ ಕಟ್ಟಿದ್ದ ಬಲೆ ಮೊದಲನೇ ಮಳೆಗಾಲಕ್ಕೇ ಕೊಳೆತುಹೋಯಿತು. ಶಾಲೆಯ ಮಾಲಿ ಹಣ್ಣು ಕೊಯ್ಯುವ ಎರಡು ಬುಟ್ಟಿ ತಂದು, ತಳ ಕತ್ತರಿಸಿ, ಬಳೆಗೆ ಬಿಗಿದ. ಈ ಬುಟ್ಟಿಯನ್ನು ಜ್ಞಾಪಕದಲ್ಲಿಡಿ.

ನಾನು ಕೆಂಪು ಪಟ್ಟಿಯವರ ಶೂಟರು. ಸುಶೀಲ ನೀಲಿ ಪಟ್ಟಿಯವರ ಕೀಪರು. ಹಾಲು ತುಪ್ಪದಲ್ಲಿ ಬೆಳೆದ ಒಳ್ಳೆ ಎತ್ತರದ ಹುಡುಗಿ. ನನ್ನ ಮೈಗೆ ಅಂಟಿದಂತೆ ನಿಂತಳೆಂದರೆ ನನಗೆ ಆಕಾಶವೂ ಕಾಣುತ್ತಿರಲಿಲ್ಲ. ಆದರೆ ನನ್ನ ತೊಂದರೆ ಅವಳ ಎತ್ತರದ್ದಲ್ಲ. ಅವಳು ಚೆಂಡಿಗೆ ಕೈ ಚಾಚಿದರೆ ನಾನು ಕೈ ಹಿಂದಕ್ಕೆ ತೆಗೆಯುತ್ತಿದ್ದೆ. ಒಂದು ಸಲ ಚೆಂಡು ನನ್ನ ಕೈಗೇ ಬಂತು. ಅವಳು "ಕೊಡು ಇಲ್ಲಿ" ಅಂದಳು. ಕೊಟ್ಟುಬಿಟ್ಟೆ.

ಉದ್ದಮಿಸ್ ತಾವು ಪಿಳ್ಳಂಗೋವಿ ಎಂದು ಕರೆಯುತ್ತಿದ್ದ ಸೀಟಿಯನ್ನು ಬಾಯಿಂದ ತೆಗೆದು ನನ್ನನ್ನೇ ನೋಡಿದರು. "ಓ ಸರಸ್ವತಿಯೇ, ನೀನು ನಿನ್ನ ಎದುರಾಳಿಗೆ ಚೆಂಡನ್ನು ಏಕೆ ಅರ್ಪಿಸಿದಿ?"

"ಕೇಳಿದ್ರು, ಮಿಸ್" ಅಂದೆ.

ಅವರು ಪ್ರಯತ್ನ ಬಿಡಲಿಲ್ಲ. ಮೇಜಿನ ಮೇಲೆ ಕಾಫಿ ಬೀಜ ಸಾಲಾಗಿಟ್ಟು, ಹುರಿದದ್ದು ನಾವು, ಹುರಿಯದ್ದು ಎದುರಾಳಿ ಎಂದು ಮಾಡಿ, ಅಂಟಿಕೊಂಡ ಕೀಪರಿಂದ ಬಿಡಿಸಿಕೊಳ್ಳುವ ಬಗೆ ತೋರಿಸಿದರು. "ಎಡಕ್ಕೆ ಹೋಗುವವಳಂತೆ ನಟಿಸು, ತರುವಾಯ ಬಲಕ್ಕೆ ಓಡು, ಬಿಡುಗಡೆ ಹೊಂದು!" ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ಹೋಗುವುದು ಮೋಸವಲ್ಲವೇ ಎಂದು ನಾವು ಗಂಭೀರವಾಗಿ ಕೇಳಿದೆವು. ಸಾಹುಕಾರರ ಮನೆಯ ಹಳಸಿದ ಹೋಳಿಗೆಗೆ "ಏನು ರುಚಿ ಇದೆ" ಎಂದು ನಟಿಸಿ ಬೆಳೆದ ಹುಡುಗಿಯರು ನಾವು! ಆದರೆ ಅದು ಮರ್ಯಾದೆ, ಇದು ಮೋಸ.

ನಮ್ಮ ಕಡೆ ಸೆಂಟರು ಲೂಸಿ. ಬಸ್ ಡ್ರೈವರ ಮಗಳು, ಮೂಡಿಗೆರೆಯವಳು, ಯಾರ ಹಂಗೂ ಇಲ್ಲದವಳು. ಅಂಗಳದ ನಡುವಿನಿಂದ ಚೆಂಡನ್ನು ನನಗೆ ಎಸೆಯುವ ಕೆಲಸ ಅವಳದು. "ಎಂತ ಮಾರಾಯ್ತಿ ನೀನು! ನಾನು ಕೈ ಬಿದ್ದು ಹೋಗೋ ಹಾಗೆ ಎಸೀತೀನಿ, ನೀನು ಅವಳಿಗೆ ತಾಂಬೂಲ ಕೊಟ್ಟಂಗೆ ಕೊಡ್ತೀ" ಎಂದು ದಿನಾ ಬೈಯುವಳು. ಮಿಸ್ ಕೂಡ ಬೇಸತ್ತು ನನ್ನನ್ನು ತೆಗೆದುಹಾಕುವ ಯೋಚನೆಯಲ್ಲಿದ್ದರು.

ಡಿಸೆಂಬರಿನ ಒಂದು ಸಂಜೆ ನಡೆದದ್ದು ಇಷ್ಟೆ. ಲೂಸಿಯ ಕೈಯಲ್ಲಿ ಚೆಂಡು. ಸುಶೀಲ ನನ್ನ ಬೆನ್ನ ಹಿಂದಿನಿಂದ ಅದನ್ನು ಕಸಿಯಲು ರಭಸದಿಂದ ಮುಂದೆ ಬಂದಳು. ಆ ಹೆಜ್ಜೆಯ ಸದ್ದು ನನಗೆ ಚೆನ್ನಾಗಿ ಗೊತ್ತಿದ್ದದ್ದು. ತೋಟದ ದಾರಿಯಲ್ಲಿ ಅವರಪ್ಪ ಬರುವ ಸದ್ದೂ ಅದೇ. ನನ್ನ ಎಡಗಾಲು ಪಕ್ಕಕ್ಕೆ ಹೋಯಿತು, ಭುಜ ಓರೆಯಾಯಿತು, ಲಂಗ ಒತ್ತಿಕೊಂಡು ತಲೆ ಬಗ್ಗಿಸಿದೆ. ಸುಶೀಲ ತೆರೆದ ದಾರಿಯಲ್ಲಿ ನೇರ ನಡೆದುಹೋದಳು. ದಾರಿ ತೆರೆದಿರುತ್ತದೋ ಇಲ್ಲವೋ ಎಂದು ನೋಡುವ ಅಭ್ಯಾಸವೇ ಅವಳಿಗಿರಲಿಲ್ಲವಲ್ಲ! ಆಕೆ ನಿಲ್ಲುವ ಹೊತ್ತಿಗೆ ಆರು ಹೆಜ್ಜೆ ಮುಂದಿದ್ದಳು. ಲೂಸಿ ಅವಳ ತಲೆಯ ಮೇಲಿಂದ ಚೆಂಡು ಎಸೆದಳು. ತಲೆಯೆತ್ತಿದರೆ ಕೈಯಲ್ಲಿ ಚೆಂಡು, ಮೇಲೆ ಬುಟ್ಟಿ, ಸುತ್ತ ಒಂದು ನರಪಿಳ್ಳೆಯಿಲ್ಲ.

ಮಿಸ್ ಸೀಟಿ ಊದುವುದನ್ನು ಮರೆತು ಕುಣಿದರು. "ಅದೇ! ಅದೇ! ಸರಸ್ವತಿಯು ಬಿಡುಗಡೆ ಹೊಂದಿದಳು!" ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿತ್ತು, ದೊಡ್ಡ ಆಟಗಾರ್ತಿಯರು ವರ್ಷಾನುಗಟ್ಟಲೆ ಅಭ್ಯಾಸ ಮಾಡಿ ಸಾಧಿಸುವ ಪಟ್ಟು ಅದಂತೆ. ಮರುದಿನದಿಂದ ನಾನು ಎಲ್ಲರಿಗೂ ಕಲಿಸಬೇಕೆಂದು ಅಪ್ಪಣೆಯಾಯಿತು. ಕಲಿಸುವುದೇನು ಬಂತು? ರೈಟರ ಮಕ್ಕಳು, ಮೇಸ್ತ್ರಿ ಮಕ್ಕಳು, ಅಡುಗೆಯವರ ಮಕ್ಕಳು ಎಲ್ಲರಿಗೂ ಹುಟ್ಟುತ್ತಲೇ ಬರುತ್ತಿತ್ತು. ಬಾರದ್ದು ಸುಶೀಲ ಒಬ್ಬಳಿಗೇ. ಪಾಪ, ಕಾಲು ಪಕ್ಕಕ್ಕೆ ಇಟ್ಟರೆ ಗುಂಡಿಗೆ ಬೀಳುವವಳಂತೆ ಗಾಬರಿಯಾಗುವಳು. ಜನ್ಮದಲ್ಲಿ ಯಾರಿಗೂ ದಾರಿ ಬಿಟ್ಟವಳಲ್ಲ.

ಈ ಸಂಭ್ರಮದ ನಡುವೆ ಅಪ್ಪನ ಕಾಗದ ಬಂತು. ಜನವರಿಯ ಶಾಲಾ ದಿನಾಚರಣೆಗೆ ಸಾಹುಕಾರರೇ ಮುಖ್ಯ ಅತಿಥಿ. ಜೊತೆಗೆ ಅಪ್ಪನೂ ಬರುತ್ತಾರೆ. "ಸುಶೀಲಮ್ಮನವರು ಈಗ ದೊಡ್ಡವರಾದ್ದರಿಂದ ಜೊತೆಗೆ ಇನ್ನೊಬ್ಬರು ಅಗತ್ಯವೋ ಅಲ್ಲವೋ ಎಂಬುದನ್ನು ಸಾಹುಕಾರರು ಅಲ್ಲಿ ಖುದ್ದು ನೋಡಿ ತೀರ್ಮಾನಿಸುವವರಿದ್ದಾರೆ" ಎಂದು ಬರೆದು, ಕೆಳಗೆ ಎಂದಿನ ಸಾಲನ್ನು ಈ ಸಲ ಅಡಿಗೆರೆ ಎಳೆದು ಬರೆದಿದ್ದರು. ಬೀರುವಿನ ಎರಡನೇ ಸಾಲಿನ ಪುಸ್ತಕಗಳನ್ನು ನಾನಿನ್ನೂ ಮುಟ್ಟಿರಲಿಲ್ಲ. ದಿನಾಚರಣೆಯ ಆಟದಲ್ಲಿ ಸಾಹುಕಾರರ ಕಣ್ಣೆದುರೇ ಅವರ ಮಗಳ ಮೇಲೆ ಗೋಲು ಹಾಕುವುದುಂಟೇ? ಒಂದೂ ಹಾಕುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿಕೊಂಡೆ.

ಆ ದಿನ ಸಾಹುಕಾರರು ಜರಿ ಪೇಟ ಸುತ್ತಿ, ಉಳಿಸಿಟ್ಟಿದ್ದ ಪೆಟ್ರೋಲಿನಲ್ಲಿ ಕಾರು ತಂದಿದ್ದರು. ಅಂಗಳದ ಅಂಚಿನಲ್ಲಿ, ನಾನು ಗೋಲು ಹಾಕಬೇಕಾಗಿದ್ದ ಬುಟ್ಟಿಯ ಪಕ್ಕಕ್ಕೇ, ಅವರ ಕುರ್ಚಿ. ಹಿಂದೆ ಅಪ್ಪ, ಸಾಹುಕಾರರ ತಲೆಯ ಮೇಲೆ ಕೊಡೆ ಹಿಡಿದುಕೊಂಡು. ಅಪ್ಪನ ಮುಖದ ಮೇಲೆ ಬಿಸಿಲು.

ಆಟ ಶುರುವಾಯಿತು. ನಾನು ಬಹಳ ಮರ್ಯಾದೆಯಿಂದ ಆಡಿದೆ, ಸುಶೀಲ ಬಂದಾಗಲೆಲ್ಲ ದಾರಿ ಬಿಟ್ಟೆ. ಕಷ್ಟ ಅದರಲ್ಲೇ ಇತ್ತು: ಮರ್ಯಾದೆ ಮಾಡಿದಷ್ಟೂ ಚೆಂಡು ನನ್ನ ಕೈಗೇ ಬರುತ್ತಿತ್ತು. ಎರಡು ಸಲ ಬೇಕೆಂದೇ ಬುಟ್ಟಿಗೆ ತಗುಲದಂತೆ ಎಸೆದೆ. ಲೂಸಿ ಓಡಿಬಂದು ಕಿವಿಯಲ್ಲಿ ಬುಸುಗುಟ್ಟಿದಳು. "ನೋಡು, ಇನ್ನೊಂದ್ಸಲ ಹಿಂಗೆ ಮಾಡಿದ್ರೆ ಈ ಜನ್ಮದಾಗೆ ನಿಂಗೆ ಚೆಂಡು ಕೊಡಲ್ಲ. ನಾನೂ ಆಡ್ತಿದೀನಿ, ಗೊತ್ತಾಯ್ತಾ? ನೀನೊಬ್ಬಳೇ ಅಲ್ಲ."

ಅದು ನನಗೆ ತಟ್ಟಿತು. ಮೂರನೇ ಸಲ ಚೆಂಡು ಬಂದಾಗ ಕೈ ಯೋಚಿಸಲಿಲ್ಲ. ಚೆಂಡು ಬುಟ್ಟಿಯೊಳಗೆ ಬಿದ್ದು ಕೆಳಗಿಂದ ಜಾರಿತು. ಬಸ್ಸು, ಟ್ರಂಕು, ಸಂಸೆ ಎಲ್ಲ ಕಣ್ಣ ಮುಂದೆ ಬಂದವು. ನಿಧಾನವಾಗಿ ತಿರುಗಿ ನೋಡಿದರೆ ಸಾಹುಕಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ!

"ಭೇಷ್! ಬಿತ್ತು ನೋಡಿ ನಮ್ಮ ಸುಶೀಲನ ಬುಟ್ಟಿಗೆ! ರೈಟ್ರೇ, ಅದು ನಮ್ದೇ ತಾನೇ?"

ನಿಮಗೆ ಇಲ್ಲೊಂದು ಮಾತು ಹೇಳಬೇಕು. ತೋಟದಲ್ಲಿ ಹಣ್ಣು ಕೊಯ್ಯುವಾಗ ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿ. ಮಗಳು, ಸೊಸೆ, ನೆಂಟರು ಯಾರು ತಂದು ಸುರಿದರೂ ಹಣ್ಣು ಬುಟ್ಟಿ ಕಾಯುವವಳದೇ. ಜನವರಿ ತಿಂಗಳು, ತೋಟದಲ್ಲಿ ಕೊಯ್ಲಿನ ಭರ, ಸಾಹುಕಾರರ ತಲೆಯಲ್ಲಿ ಬುಟ್ಟಿಗಳಲ್ಲದೆ ಬೇರೇನೂ ಇರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಸ್ಪಷ್ಟ: ಮಗಳು ಬುಟ್ಟಿ ಕಾಯುತ್ತಿದ್ದಾಳೆ, ರೈಟರ ಮಗಳು ಬಗ್ಗಿ ದಾರಿ ಬಿಟ್ಟು, ಓಡಾಡಿ ತಂದು ಅದಕ್ಕೆ ತುಂಬುತ್ತಿದ್ದಾಳೆ. ಲೋಕ ಇರಬೇಕಾದದ್ದೇ ಹೀಗೆ.

ಅಪ್ಪ ಕೊಡೆಯನ್ನು ಸ್ವಲ್ಪ ನೇರ ಮಾಡಿದರು. "ತಮ್ದೇ ಸ್ವಾಮಿ" ಅಂದರು.

ಅಪ್ಪನಿಗೂ ಆಟ ಅರ್ಥವಾಗಿಲ್ಲವೆಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆಮೇಲೆ ನಾನು ನಿಲ್ಲಲಿಲ್ಲ. ಸುಶೀಲ ಬರುವಳು, ನಾನು ಬಗ್ಗುವೆ, ಚೆಂಡು ಬೀಳುವುದು. "ತಮ್ದೇ ಸ್ವಾಮಿ." ಒಂದು ಸಲ ಸಾಹುಕಾರರು ಪಕ್ಕದ ಕುರ್ಚಿಯವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಆ ಹುಡುಗಿ ನೋಡಿ, ಎಷ್ಟು ವಿನಯ! ನಮ್ಮ ತೋಟದ್ದು." ದೂರದ ಬುಟ್ಟಿಗೆ ನೀಲಿಯವರು ನಾಲ್ಕು ಹಾಕಿದಾಗ ಮಾತ್ರ ಅವರು ಮುಖ ಸಿಂಡರಿಸಿ, "ಆ ಕಡೆ ಸಾಲಿನಲ್ಲಿ ಫಸಲಿಲ್ಲ" ಎಂದರಂತೆ.

ಕೊನೆಗೆ ಮಿಸ್ ಕೆಂಪು ಪಟ್ಟಿಯವರು ಒಂಬತ್ತು, ನೀಲಿಯವರು ನಾಲ್ಕು ಎಂದು ಇಂಗ್ಲಿಷಿನಲ್ಲಿ ಸಾರಿದರು. ಸಾಹುಕಾರರು ಅಪ್ಪನ ಕಡೆ ತಿರುಗಿದರು. "ಒಂಬತ್ತು, ನಾಲ್ಕು ಸ್ವಾಮಿ" ಎಂದು ಅಪ್ಪ ಅಷ್ಟನ್ನೇ ತರ್ಜುಮೆ ಮಾಡಿದರು. ಗೆಲುವಿಗಿಂತ ಆಟ ದೊಡ್ಡದೆಂದು ಮಿಸ್ ಎರಡು ಕಡೆಗೂ ಪೆಪ್ಪರ್‌ಮಿಂಟು ಹಂಚಿಸಿದರು. ಸಾಹುಕಾರರು ಶಿಸ್ತಿನ ಮೇಲೆ ಭಾಷಣ ಮಾಡಿ, ಕಾರು ಹತ್ತುವಾಗ ತೀರ್ಪು ಕೊಟ್ಟರು. "ರೈಟ್ರೇ, ನಿಮ್ಮ ಹುಡುಗಿ ಇಲ್ಲೇ ಇರ್ಲಿ. ಅವಳಿಂದ್ಲೇ ನಮ್ಮ ಮಗುಗೆ ಒಂಬತ್ತು ಬಿದ್ದಿದ್ದು. ಸುಶೀಲ ಎಷ್ಟು ಓದ್ತಾಳೋ ಅಷ್ಟೂ ಇರ್ಲಿ."

ಅಪ್ಪ ನನ್ನ ಮುಖವನ್ನೇ ನೋಡದೆ ಕೊಡೆ ಮಡಚಿ ಮುಂದಿನ ಸೀಟಿನಲ್ಲಿ ಕೂತರು. ಕಾರು ಹೋಯಿತು.

ಉಳಿದದ್ದು ಸುಶೀಲ. ಈ ಶಾಲೆಯಲ್ಲಿ ಅವಳೊಬ್ಬಳು ಬಾಯಿ ತೆರೆದರೆ ನನ್ನ ಕಥೆ ಮುಗಿಯಿತು. ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ಅವಳು ಪಕ್ಕಕ್ಕೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಸರಸು, ನಿಜ ಹೇಳು. ಮುಂಚೆ ಎಲ್ಲ ನೀನು ಬೇಕಂತ್ಲೇ ಸೋಲ್ತಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವಳ ಮುಖ ನೋಡಿ ಆಗಲಿಲ್ಲ. "ಹೌದು" ಅಂದೆ.

"ಕುಂಟಾಬಿಲ್ಲೆಯಲ್ಲೂ?"

"ಹೌದು."

"ಚೌಕಾಬಾರದಲ್ಲೂ?"

ನಾನು ನಲ್ಲಿ ನಿಲ್ಲಿಸಿ ತಲೆಯಾಡಿಸಿದೆ. ಅವಳು ಲಂಗದ ಅಂಚಿನಲ್ಲೇ ಮೂಗು ಒರೆಸಿಕೊಂಡಳು. ಜನ್ಮದಲ್ಲಿ ಒಂದು ಆಟವನ್ನೂ ತಾನು ಗೆದ್ದಿಲ್ಲ ಎನ್ನುವುದು ಹನ್ನೆರಡು ವರ್ಷದವಳಿಗೆ ಒಂದೇ ಸಂಜೆಯಲ್ಲಿ ತಿಳಿದರೆ ಹೇಗಿರುತ್ತದೆ! ನನಗೆ ಅಯ್ಯೋ ಅನ್ನಿಸಿತು. ಅಲ್ಲಿಯವರೆಗೆ ಅವಳ ಮೇಲೆ ಭಯವಿತ್ತು, ಹೊಟ್ಟೆಕಿಚ್ಚಿತ್ತು, ಕನಿಕರ ಅವತ್ತೇ ಮೊದಲು.

"ಅಪ್ಪಂಗೆ ನಾನೇನೂ ಹೇಳಲ್ಲ" ಅಂದಳು ಕೊನೆಗೆ. "ಆದ್ರೆ ನಂಗೂ ಆ ಪಕ್ಕಕ್ಕೆ ಸರಿಯೋದು ಕಲಿಸ್ಬೇಕು. ಮತ್ತೆ ನೀವು ಗೀವು ಅನ್ಬೇಡ. ಆಟದಲ್ಲಿ ಕೇಳೋಕೆ ಅಸಹ್ಯ ಆಗುತ್ತೆ."

ಕಲಿಯಲು ಅವಳಿಗೆ ಎರಡು ವರ್ಷ ಹಿಡಿಯಿತು. ಕಲಿತ ಮೇಲೆ ರಜೆಗೆ ಹೋದಾಗ ತೋಟದ ದಾರಿಯಲ್ಲಿ ಎದುರು ಬಂದ ಆಳುಗಳಿಗೆಲ್ಲ ಸರಸರನೆ ಇಳಿಜಾರಿಗೆ ಸರಿದು ನಿಲ್ಲತೊಡಗಿದಳಂತೆ. ಆಳುಗಳು ಗಾಬರಿಯಿಂದ ತಾವೂ ಸರಿಯುವುದು, ಅವಳೂ ಸರಿಯುವುದು, ಎಲ್ಲರೂ ಗಿಡದ ಬುಡದಲ್ಲಿ, ದಾರಿ ಮಾತ್ರ ಖಾಲಿ. ಮಗುವಿಗೆ ಏನೋ ತಗುಲಿಕೊಂಡಿದೆ ಎಂದು ಸಾಹುಕಾರರ ಹೆಂಡತಿ ಕಳಸದಿಂದ ತಾಯತ ತರಿಸಿ ಕಟ್ಟಿಸಿದರು.

ನಾನು ಆ ಶಾಲೆಯಲ್ಲಿ ಓದು ಮುಗಿಸಿದೆ, ಬೀರುವನ್ನೂ ಮುಗಿಸಿದೆ. ಮುಂದೆ ನಾನೇ ಟೀಚರಾಗಿ ಮಕ್ಕಳಿಗೆ ನೆಟ್‌ಬಾಲ್ ಕಲಿಸುವಾಗ, ಮೇಜಿನ ಮೇಲೆ ಕಾಫಿ ಬೀಜ ಇಟ್ಟು ಬಿಡಿಸಿಕೊಳ್ಳುವ ಬಗೆ ತೋರಿಸಿದ್ದೇನೆ. ಬೀಜದಲ್ಲಿ ಅರ್ಧ ಮಾತ್ರ ತೋರಿಸಲು ಸಾಧ್ಯ. ಇನ್ನರ್ಧವನ್ನು ನಾನು ಕಲಿತದ್ದು ಆ ದಿನಾಚರಣೆಯ ಮುಂದಿನ ವಾರ, ಅಪ್ಪನ ಕಾಗದದಿಂದ.

ಕಾಗದ ಎಂದಿನಂತೆಯೇ ಇತ್ತು. ಸಾಹುಕಾರರ ಸವಾರಿ ಸುಖವಾಗಿ ತಲುಪಿದ್ದು, ಮನೆಯಲ್ಲಿ ಎಲ್ಲರೂ ಕ್ಷೇಮ, ಶ್ರೀಮತಿ ಸುಶೀಲಮ್ಮನವರ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳುವುದು. ಅದರ ಕೆಳಗೆ ಸಹಿ. ಮಡಚಿ ಇಡಲು ಹೋದವಳಿಗೆ ಸಹಿಯ ಕೆಳಗೆ, ಹಾಳೆಯ ಅಂಚಿಗೆ ಅಂಟಿದಂತೆ, ಇನ್ನೆರಡು ಸಾಲು ಕಂಡವು. ಬೇರೆ ಯಾರೂ ಓದದಿರಲೆಂದೋ ಏನೋ, ಅಕ್ಷರ ಬಹಳ ಸಣ್ಣದು.

"ಆಟದ ನಿಯಮ ನೀನು ಬರೆದಿದ್ದ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಹೊರಡುವ ಮುಂಚೆ ಎರಡು ಸಲ ಓದಿಕೊಂಡು ಬಂದಿದ್ದೆ. ಒಂಬತ್ತೂ ನಿನ್ನವೇ."